ಡಾಕ್ಟರ ಮುಂದೆ ಕೂತಾಗ

ಎಲ್ಲರಿಗೂ ನಮಸ್ಕಾರ. ಹಿರಿಯರೇ ಜಾಸ್ತಿ ಬಂದಿದ್ದೀರಿ, ಖುಷಿಯಾಯಿತು. ಬಿಪಿ, ಶುಗರ್ ಬಗ್ಗೆ ಹೇಳುತ್ತಾರೆ ಅಂದುಕೊಂಡು ಬಂದಿದ್ದರೆ ಸ್ವಲ್ಪ ತಾಳಿ. ಅವುಗಳ ಬಗ್ಗೆ ಡಾಕ್ಟರ ಹತ್ತಿರ ಹೇಗೆ ಮಾತಾಡಬೇಕು ಅನ್ನೋದು ಇವತ್ತಿನ ವಿಷಯ.

1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನುವ ಇಬ್ಬರು ಒಂದು ಅಧ್ಯಯನ ಮಾಡಿದರು. ರೋಗಿ ಬಾಯಿಬಿಟ್ಟು ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರಂತೆ! ಬಿಟ್ಟರೆ ಇವರು ಪುರಾಣ ಶುರುಮಾಡುತ್ತಾರೆ ಅನ್ನುವ ಭಯ ನಮ್ಮ ಡಾಕ್ಟರುಗಳಿಗೆ. ಆದರೆ 2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಡೆಯದೆ ಕೇಳಿ ನೋಡಿದರು. ಜನ ಸರಾಸರಿ ಒಂದೂವರೆ ನಿಮಿಷದಲ್ಲಿ ತಾವಾಗಿಯೇ ಮಾತು ಮುಗಿಸಿದ್ದರು. ಪುರಾಣವೂ ಇಲ್ಲ, ಹರಿಕಥೆಯೂ ಇಲ್ಲ.

ನಮ್ಮ ಓಪಿಡಿಗಳಲ್ಲಿ ಅಷ್ಟು ಹೊತ್ತು ಸಿಗುವುದೂ ಕಷ್ಟ, ಅಲ್ವಾ? ಬಾಗಿಲಾಚೆ ಸಾಲು ಬೆಳೆಯುತ್ತಲೇ ಇರುತ್ತದೆ. 2017ರಲ್ಲಿ ಬೇರೆ ಬೇರೆ ದೇಶಗಳ ಲೆಕ್ಕ ಒಟ್ಟುಮಾಡಿದಾಗ ಸ್ವೀಡನ್ನಿನಲ್ಲಿ ಒಬ್ಬ ರೋಗಿಗೆ ಸಿಗುವ ಸಮಯ 22 ನಿಮಿಷಕ್ಕೂ ಹೆಚ್ಚು, ನಮ್ಮಲ್ಲಿ ಸುಮಾರು 2 ನಿಮಿಷ ಅಂತ ಕಂಡಿತು. ಡಾಕ್ಟರನ್ನು ಬೈದರೆ ಈ 2 ನಿಮಿಷ ಹಿಗ್ಗುವುದಿಲ್ಲ. ಅದರಲ್ಲಿ ಏನು ಹೇಳುತ್ತೀರಿ ಅನ್ನೋದು ಮಾತ್ರ ನಿಮ್ಮ ಕೈಯಲ್ಲಿದೆ.

ಒಂದು ಉದಾಹರಣೆ ಕೊಡುತ್ತೇನೆ. ಶುಗರ್ ಇರುವ ಅಜ್ಜಿ. ಮಗ ಕರೆದುಕೊಂಡು ಬರುತ್ತಾನೆ. "ಏನಮ್ಮ ತೊಂದರೆ?" ಅಂತ ಅಜ್ಜಿಯನ್ನು ಕೇಳಿದರೆ ಮಗ ಉತ್ತರ ಕೊಡುತ್ತಾನೆ: "ಸುಸ್ತು ಸಾರ್." ಡಾಕ್ಟರು ಶುಗರ್ ನೋಡಿ, "ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು" ಅಂತ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ಬರೆಯುತ್ತಾರೆ. ಅಜ್ಜಿ "ಹೂಂ" ಅನ್ನುತ್ತಾರೆ. ಶನಿವಾರ ಅವರದು ಒಪ್ಪೊತ್ತು. ಡಾಕ್ಟರು ಕೇಳಿಲ್ಲ, ಅವರೂ ಹೇಳಿಲ್ಲ. ಶನಿವಾರ ಬೆಳಿಗ್ಗೆ ಮಾತ್ರೆ ನುಂಗುತ್ತಾರೆ, ತಿಂಡಿ ಮಾತ್ರ ಇಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಮೈಯೆಲ್ಲಾ ಬೆವರು, ಕೈ ನಡುಕ, ಕಣ್ಣು ಕತ್ತಲೆ. ಹೊಟ್ಟೆಗೆ ಏನೂ ಬೀಳದಿದ್ದರೂ ಆ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಶುಗರ್ ಇಳಿಸುವ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಶುಗರ್ ಇಳಿದುಬಿಡುತ್ತದೆ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಮಾತ್ರೆಯೂ ಸರಿಯಾದದ್ದೇ. "ನಾನು ಶನಿವಾರ ಒಂದೇ ಹೊತ್ತು ಊಟ ಮಾಡೋದು" ಅನ್ನುವ ಒಂದು ಮಾತು ಬಂದಿದ್ದರೆ ಸಾಕಿತ್ತು. ಹಾಗಾಗಿ ಉಪವಾಸ, ನಾಟಿ ಔಷಧಿ, ದುಡ್ಡಿಲ್ಲದೆ ಬಿಟ್ಟ ಮಾತ್ರೆ, ಎಲ್ಲವನ್ನೂ ಹೇಳಿ. ಡಾಕ್ಟರು ಗದರಬಹುದು, ಗದರಲಿ ಬಿಡಿ.

ಇನ್ನೊಂದು ಚಾಳಿ ಇದೆ. ಮಂಡಿನೋವಿನ ಮಾತೆಲ್ಲ ಮುಗಿದು, ಚೀಟಿ ಕೈಗೆ ಬಂದ ಮೇಲೆ ಬಾಗಿಲ ಹತ್ತಿರ ನಿಂತು, "ಅಂದಹಾಗೆ ಡಾಕ್ಟ್ರೇ, ಮೆಟ್ಟಿಲು ಹತ್ತಿದರೆ ಎದೆ ಹಿಡಿದಂಗಾಗುತ್ತೆ, ಗ್ಯಾಸ್ಟ್ರಿಕ್ ಇರಬೇಕು" ಅನ್ನುವುದು. ಅದನ್ನೇ ಮೊದಲು ಹೇಳಬೇಕಿತ್ತು! ಕಾಯಿಲೆಗೆ ನೀವೇ ಹೆಸರಿಡಬೇಡಿ. ಯಾವಾಗಿನಿಂದ, ಏನು ಮಾಡಿದರೆ ಜಾಸ್ತಿ, ಕೂತರೆ ಕಡಿಮೆಯಾಗುತ್ತಾ, ಇಷ್ಟು ಹೇಳಿ.

ಏಳುವ ಮುಂಚೆ ಡಾಕ್ಟರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಒಪ್ಪಿಸಿ: "ಇದು ತಿಂಡಿಗೆ ಮುಂಚೆ, ಇದು ರಾತ್ರಿ, ತಿಂಡಿ ತಿನ್ನದ ದಿನ ಏನು ಮಾಡಲಿ?" ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಈಗಿನ ಎಂಬಿಬಿಎಸ್ ಹುಡುಗರಿಗೆ 2019ರಿಂದ ರೋಗಿಯ ಜೊತೆ ಮಾತಾಡುವುದನ್ನೂ ಪಾಠವಾಗಿ ಇಟ್ಟಿದ್ದಾರೆ. ನಮ್ಮ ಕಾಲದಲ್ಲಿ ಅದೆಲ್ಲ ಇರಲಿಲ್ಲ, ನೋಡಿ ಕಲಿತದ್ದಷ್ಟೇ. ಹಾಗಾಗಿ ಹಳಬರ ಹತ್ತಿರ ಹೋದಾಗ ನೀವೇ ಸ್ವಲ್ಪ ಮುಂದಾಗಬೇಕಾಗುತ್ತದೆ.

ನಿಮ್ಮ ಮಾತ್ರೆಗಳ ಬಗ್ಗೆ ಕೇಳುವುದಿದ್ದರೆ ಈಗ ಕೇಳಿ. ಮಕ್ಕಳು ಸುಮ್ನಿರಲಿ, ಅಜ್ಜಿ ತಾತಂದಿರೇ ಮಾತಾಡಲಿ.