ಹಳೆಯ ರಿಜಿಸ್ಟರ್ ಮುಚ್ಚುವ ದಿನ

ಕೇಳುಗರಿಗೆ ನಮಸ್ಕಾರ.

ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸಿಗೆ ಹೊಸ ಸಾಫ್ಟ್‌ವೇರ್ ಬಂತೆನ್ನಿ. ದೀಪ ಹಚ್ಚಿದ್ದಾಯಿತು, ಎರಡು ದಿನ ತರಬೇತಿಯೂ ಆಯಿತು. ಮೂರು ತಿಂಗಳ ಮೇಲೆ ಹೋಗಿ ನೋಡಿದರೆ, ಬಂದ ಮಾಲನ್ನು ಮೊದಲು ಬರೆಯುವುದು ಇನ್ನೂ ರಟ್ಟಿನ ರಿಜಿಸ್ಟರಿನಲ್ಲೇ. ಕಂಪ್ಯೂಟರಿಗೆ ಏರಿಸುವುದು ಸಂಜೆ, ಪುರುಸೊತ್ತಾದರೆ. ‘ನಮ್ಮ ಜನಕ್ಕೆ ಹೊಸದು ಅಂದ್ರೆ ಆಗಲ್ಲ’ ಅನ್ನುತ್ತಾರೆ ಮೇಲಿನವರು. ಇದು ದುಡುಕಿನ ತೀರ್ಪು. ದಾಸ್ತಾನು ತಪ್ಪಿದರೆ ಬೈಸಿಕೊಳ್ಳುವವನು ಸ್ಟೋರ್‌ಕೀಪರ್. ರಿಜಿಸ್ಟರ್ ನಿಲ್ಲಿಸಿ ಎಂದು ಯಾರೂ ಲಿಖಿತವಾಗಿ ಹೇಳಿಲ್ಲದಿರುವಾಗ ಎರಡೂ ಕಡೆ ಬರೆದಿಡುವುದು ಅವನ ಮಟ್ಟಿಗೆ ಜಾಣತನವೇ.

ಹೊಸದನ್ನು ತರುವವರು ಹೆಚ್ಚಾಗಿ ಎಡವುವುದು ಇಲ್ಲೇ. ಶುರುವಾಗುವ ತಾರೀಕು ಎಲ್ಲರಿಗೂ ಗೊತ್ತಿರುತ್ತದೆ. ಹಳೆಯದು ನಿಲ್ಲುವ ತಾರೀಕನ್ನು ಯಾರೂ ಗೊತ್ತು ಮಾಡಿರುವುದಿಲ್ಲ.

ಜಮೀನಿನ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ನಮ್ಮ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯನ್ನು ನೆನೆಯಿರಿ. ಪಹಣಿಯ ದತ್ತಾಂಶವನ್ನು ಗ್ರಾಮ ಲೆಕ್ಕಿಗರಿಂದಲೇ ತಾಳೆ ನೋಡಿಸಿ, ಒಂದೊಂದು ತಾಲ್ಲೂಕು ಸಿದ್ಧವಾದಂತೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲ ಎಂದು ಅಧಿಸೂಚನೆ ಹೊರಡಿಸಿದರು. ಮೊದಲು ತಾಳೆ, ಆಮೇಲೆ ಬಾಗಿಲು ಮುಚ್ಚುವುದು. ಈ ಕ್ರಮ ತಿರುವುಮುರುವಾಗಿದ್ದರೆ ರೈತರು ಕಚೇರಿಗೆ ಅಲೆದು ಸುಸ್ತಾಗುತ್ತಿದ್ದರು.

ಕಾರ್ಖಾನೆಯಲ್ಲಿ ಇದನ್ನು ಹೀಗೆ ಮಾಡಬಹುದು. ಶನಿವಾರ ಪಾಳಿ ಮುಗಿದ ಮೇಲೆ ಮಾಲನ್ನು ಎಣಿಸಿ. ಬೆಲೆಬಾಳುವ ಮಾಲಿನಲ್ಲಿ ಒಂದನ್ನೂ ಬಿಡಬೇಡಿ. ಸೋಮವಾರದಿಂದ ಎರಡು ವಾರ ಎರಡೂ ಕಡೆ ಬರೆಯಲಿ. ದಿನಾ ಸಂಜೆ ಕಪಾಟಿನಿಂದ 20 ಬಾಬ್ತು ಆರಿಸಿ, ತೆರೆಯ ಮೇಲಿನ ಲೆಕ್ಕಕ್ಕೆ ಹೋಲಿಸಿ. ಸತತ ಐದು ದಿನ 19 ಆದರೂ ಸರಿಹೋದರೆ ರಿಜಿಸ್ಟರಿಗೆ ಗೆರೆ ಎಳೆದು, ಸಹಿ ಹಾಕಿ, ಅಕೌಂಟ್ಸಿನ ಬೀರುವಿಗೆ ಕಳಿಸಿ. ಸರಿಹೋಗದಿದ್ದರೆ ಬಯ್ಯುವ ಮೊದಲು ಎರಡು ಕಡೆ ಹುಡುಕಿ. ಒಂದು, ಕಿಲೋ ಲೆಕ್ಕದಲ್ಲಿ ಕೊಂಡು ಎಣಿಕೆಯಲ್ಲಿ ಕೊಡುವ ನಟ್ಟು-ಬೋಲ್ಟು. ಇನ್ನೊಂದು, ‘ಚೀಟಿ ಬೆಳಿಗ್ಗೆ ಕೊಡ್ತೀನಿ’ ಎಂದು ರಾತ್ರಿ ಪಾಳಿಯಲ್ಲಿ ಒಯ್ದ ಮಾಲು.

ಇನ್ನು ಸೂಪರ್‌ವೈಸರ್. ಮೇಲಿನವರ ಮಾತನ್ನು ಕೆಳಗಿನವರಿಗೆ ದಾಟಿಸಬೇಕಾದವನು ಅವನು. ಅವನನ್ನು ಅಳೆಯುವುದು ಮಾತ್ರ ದಿನದ ಉತ್ಪಾದನೆಯಿಂದ. ಕೈ ಪಳಗುವವರೆಗೆ ಹೊಸ ವಿಧಾನದಲ್ಲಿ ಕೆಲಸ ನಿಧಾನವಾಗುತ್ತದೆ. ಟಾರ್ಗೆಟ್ ಹಾಗೇ ಇದ್ದರೆ ಅವನೇ ‘ಸದ್ಯಕ್ಕೆ ಹಳೇ ಥರಾನೇ ಮಾಡ್ರಪ್ಪ’ ಅನ್ನುತ್ತಾನೆ, ಅನ್ನಲೇಬೇಕಾಗುತ್ತದೆ. ಆದ್ದರಿಂದ ಮೊದಲ ಮೂರು ವಾರಕ್ಕೆ ಟಾರ್ಗೆಟ್ ಇಳಿಸಿ, ಬರವಣಿಗೆಯಲ್ಲಿ ಕೊಡಿ. ಇಳಿಸಲಾಗದಿದ್ದರೆ ಒಬ್ಬ ಹೆಚ್ಚಿನ ಆಳು ಕೊಡಿ. ಎರಡೂ ಆಗದು ಎನ್ನುವ ಆಡಳಿತಕ್ಕೆ ಈ ಬದಲಾವಣೆ ನಿಜಕ್ಕೂ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ.

ತರಬೇತಿಯನ್ನು ಎಸಿ ಹಾಲಿನಲ್ಲಿ ಇಂಗ್ಲಿಷ್ ಸ್ಲೈಡು ತೋರಿಸಿ ಮುಗಿಸಬೇಡಿ. ಅವರದೇ ಮೇಜಿನ ಮೇಲೆ, ನಿನ್ನೆ ಬಂದ ಬಿಲ್ಲುಗಳನ್ನೇ ಇಟ್ಟುಕೊಂಡು, ಅವರ ಮಾತಿನಲ್ಲೇ ಹೇಳಿಕೊಡಿ.

ಪಾಳಿ, ಕೆಲಸದ ವೇಳೆ, ರಜೆಯಂಥ ಸೇವಾ ಷರತ್ತು ಬದಲಾಗುವುದಾದರೆ ಕಾನೂನೂ ಅಡ್ಡ ಬರುತ್ತದೆ. ಸಾಮಾನ್ಯವಾಗಿ ಕಾರ್ಮಿಕರಿಗೆ 21 ದಿನ ಮೊದಲೇ ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಸೋಮವಾರದಿಂದ ಹೊಸ ಪಾಳಿ ಎಂದು ಶುಕ್ರವಾರ ಬೋರ್ಡಿಗೆ ಸರ್ಕ್ಯುಲರ್ ಅಂಟಿಸಿದರೆ ಒಳ್ಳೆಯ ಯೋಜನೆಯೂ ವಿವಾದದಲ್ಲಿ ಸಿಕ್ಕಿಬೀಳುತ್ತದೆ.

ಕೊನೆಗೆ, ಗೆದ್ದೆವು ಎಂದು ಬೇಗ ಸಿಹಿ ಹಂಚುವ ಚಾಳಿ. ಪ್ರಯೋಗಕ್ಕೆ ಅತಿ ಚುರುಕಾದ ವಿಭಾಗವನ್ನೇ ಆರಿಸಿದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಉಳಿದ ವಿಭಾಗಗಳ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಸಾಧಾರಣ ವಿಭಾಗವೊಂದನ್ನು ಆರಿಸಿ. ಮಾರ್ಚ್ ಕೊನೆ ಮತ್ತು ಆಯುಧಪೂಜೆಯ ವಾರ ಬಿಟ್ಟು ಶುರು ಮಾಡಿ. ಎರಡು ತಿಂಗಳ ಲೆಕ್ಕ ಮುಗಿದು, ಒಂದು ಆಡಿಟ್ ದಾಟಿ, ಚೆನ್ನಾಗಿ ಬಲ್ಲವನು ಒಂದು ವಾರ ರಜೆ ಹಾಕಿದಾಗಲೂ ಕೆಲಸ ನಿಲ್ಲದಿದ್ದರೆ ಆಗ ಎಂಡಿಯವರಿಗೆ ವರದಿ ಬರೆಯಿರಿ.