ಬರ್ಜಿಲ್ಲೈ ಕೊಟ್ಟ ಉತ್ತರ

ಕೇಳುಗರೇ, ನಮಸ್ಕಾರ.

ಚರ್ಚಿನಲ್ಲಿ ಭಾನುವಾರ ಬೈಬಲ್ ಪಾಠ ಓದುವ ಕೆಲಸ ನನ್ನದಾಗಿತ್ತು. 22 ವರ್ಷ ಓದಿದೆ. ಒಂದು ಭಾನುವಾರ ಓದುತ್ತಾ ಓದುತ್ತಾ ಒಂದು ಸಾಲು ಹಾರಿಸಿಬಿಟ್ಟೆ. ನನಗೆ ಗೊತ್ತೇ ಆಗಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು, "ಅಂಕಲ್, ಇವತ್ತು ಒಂದು ವಚನ ಬಿಟ್ಟುಹೋಯ್ತು" ಅಂದ. ಯಾರಿಗೂ ಕೇಳಿಸದ ಹಾಗೆ ಮೆಲ್ಲಗೇ ಹೇಳಿದ, ಪಾಪ. ಆದರೂ ಎರಡು ವಾರ ನಾನು ಅವನನ್ನು ಮಾತಾಡಿಸಲಿಲ್ಲ. ತಪ್ಪು ಕನ್ನಡಕದ್ದು ಅಂದೆ. ಬೆಳಕು ಸಾಲದು ಅಂದೆ. ವಯಸ್ಸಾಯಿತು ಅನ್ನಲು ಮಾತ್ರ ಬಾಯಿ ಬರಲಿಲ್ಲ.

ವಯಸ್ಸಾದವರನ್ನು ಹುರಿದುಂಬಿಸಬೇಕಾದರೆ ಬೋಧಕರು ಸಾಮಾನ್ಯವಾಗಿ ಬೈಬಲ್ಲಿನ ಕಾಲೇಬನನ್ನು ಕರೆತರುತ್ತಾರೆ. 85ನೇ ವಯಸ್ಸಿನಲ್ಲಿ ಅವನು ಇಸ್ರಾಯೇಲರ ನಾಯಕ ಯೆಹೋಶುವನ ಮುಂದೆ ನಿಂತು, ನನಗೆ ಇನ್ನೂ ಹಿಂದಿನಷ್ಟೇ ಬಲವಿದೆ, ಆ ಬೆಟ್ಟದ ಸೀಮೆ ನನಗೆ ಕೊಡು ಅಂತ ಕೇಳುತ್ತಾನೆ. ಮೋಶೆ ಫರೋಹನೆದುರು ಮಾತಾಡಿದಾಗ ಅವನಿಗೆ 80. ನಮ್ಮ ಕಾಲದಲ್ಲೂ ಇಂಥವರಿದ್ದರು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2019ರಲ್ಲಿ, ಆಗತಾನೇ 95 ತುಂಬಿದ್ದಾಗ, ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡರು. ಆದರೂ ಬಡವರಿಗೆ ಮನೆ ಕಟ್ಟುವ ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ. ಕೇಳಲು ಖುಷಿಯೇ. ಆದರೆ ಮಂಡಿ ನೋವಿನಿಂದ ನಾಲ್ಕು ಮೆಟ್ಟಿಲು ಹತ್ತಲಾಗದವರು ಇದನ್ನು ಕೇಳಿ ಏನು ಮಾಡಬೇಕು? ಸುಮ್ನೆ ತಲೆ ತಗ್ಗಿಸಿ ಕೂರಬೇಕು, ಅಷ್ಟೆ.

ನನಗೆ ಹಿಡಿಸುವವನು ಬರ್ಜಿಲ್ಲೈ. ಈ ಹೆಸರು ಕೇಳಿದವರು ಕಡಿಮೆ. ಸಮುವೇಲನ ಎರಡನೆಯ ಪುಸ್ತಕದಲ್ಲಿ ಬರುತ್ತಾನೆ. ದಾವೀದ ರಾಜ ತನ್ನ ಮಗ ಅಬ್ಷಾಲೋಮನಿಗೆ ಹೆದರಿ ಓಡಿಹೋಗಿದ್ದಾಗ, ಅವನಿಗೂ ಅವನ ಜನಕ್ಕೂ ಹಾಸಿಗೆ, ಪಾತ್ರೆ, ಗೋಧಿ, ಕಾಳು, ಜೇನು ತಂದುಕೊಟ್ಟವರಲ್ಲಿ ಇವನೂ ಒಬ್ಬ. ರಾಜ ಗೆದ್ದು ವಾಪಸು ಹೊರಟಾಗ, "ನನ್ನ ಜೊತೆ ಯೆರೂಸಲೇಮಿಗೆ ಬಾ, ನಿನ್ನನ್ನು ಸಾಕುತ್ತೇನೆ" ಅಂತ ಕರೆಯುತ್ತಾನೆ. ಆಗ ಮುದುಕ ಕೊಟ್ಟ ಉತ್ತರ ನೋಡಿ. ನನಗೆ 80 ವರ್ಷ. ಊಟದ ರುಚಿ ತಿಳಿಯುವುದಿಲ್ಲ, ಹಾಡುವವರ ದನಿ ಕೇಳಿಸುವುದಿಲ್ಲ, ನಿನಗೆ ಯಾಕೆ ಭಾರವಾಗಲಿ? ಯೊರ್ದನ್ ಹೊಳೆ ದಾಟಿಸಿ ಸ್ವಲ್ಪ ದೂರ ಬರುತ್ತೇನೆ. ಇಗೋ, ಈ ಕಿಮ್ಹಾಮನನ್ನು ಕರೆದುಕೊಂಡು ಹೋಗು.

ಎಂಥ ಲೆಕ್ಕಾಚಾರ! ನನ್ನಿಂದ ಏನೂ ಆಗುವುದಿಲ್ಲ ಅಂತ ಅವನು ಮೂಲೆ ಹಿಡಿಯಲಿಲ್ಲ. ಹೊಳೆ ದಾಟುವಷ್ಟು ದೂರ ಬಂದ. ಅದಕ್ಕಿಂತ ಜಾಸ್ತಿ ಆಗದು ಅಂತ ನಾಚಿಕೆಯಿಲ್ಲದೆ ಹೇಳಿದ. ತನಗೆ ಸಿಕ್ಕ ಜಾಗಕ್ಕೆ ಚಿಕ್ಕವನೊಬ್ಬನನ್ನು ಮುಂದೆ ಬಿಟ್ಟ. ನನಗೆ ಅದಕ್ಕೆ 22 ವರ್ಷವೂ ಎರಡು ವಾರವೂ ಬೇಕಾಯಿತು.

ಈಗ ಓದುವುದು ಕಾಲೇಜಿಗೆ ಹೋಗುವ ಒಂದು ಹುಡುಗಿ. ಶನಿವಾರ ಸಂಜೆ ಇಬ್ಬರೂ ಕೂತು ಪಾಠ ನೋಡುತ್ತೇವೆ. ನೆಬೂಕದ್ನೆಚ್ಚರ ಅನ್ನುವ ರಾಜನ ಹೆಸರನ್ನು ಮೂರು ತುಂಡು ಮಾಡಿ ಹೇಳಿಕೊಟ್ಟೆ. ನಾಲ್ಕನೇ ಸಲಕ್ಕೆ ಸರಿಯಾಗಿ ಬಂತು, ನಕ್ಕಳು. ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಆ ಶಿಷ್ಯನ ಅಜ್ಜಿ ಲೋವಿಯ ನಂಬಿಕೆಯನ್ನು ನೆನೆಯುತ್ತಾನೆ, ಅಲ್ವಾ? ಬೈಬಲ್ಲಿನಲ್ಲಿ ಆ ಅಜ್ಜಿಯ ಹೆಸರು ಬರುವುದು ಅದೊಂದೇ ಸಲ. ಆಕೆ ಮೊಮ್ಮಗನನ್ನು ಕೂರಿಸಿಕೊಂಡು ಏನೇನು ಹೇಳಿದಳೋ, ಒಂದೂ ಬರೆದಿಲ್ಲ.

ಪ್ರಾರ್ಥನೆಯ ವಿಷಯದಲ್ಲಿ ನನ್ನದೊಂದು ತಕರಾರಿದೆ. "ನಮ್ಮ ಕೈಲಿ ಇನ್ನೇನಾಗುತ್ತೆ, ಪ್ರಾರ್ಥನೆ ಮಾಡ್ತೀವಿ" ಅಂತ ನಾವೇ ಅದನ್ನು ಚಿಲ್ಲರೆ ಕೆಲಸ ಮಾಡಿಬಿಟ್ಟಿದ್ದೇವೆ. ಲೂಕನ ಸುವಾರ್ತೆಯಲ್ಲಿ 84 ವರ್ಷದ ವಿಧವೆ ಅನ್ನಳಿಗೆ ಹಗಲೂ ರಾತ್ರಿ ಅದೇ ಕೆಲಸ. ಅದಕ್ಕೇ ಮಗು ಯೇಸುವನ್ನು ದೇವಾಲಯಕ್ಕೆ ತಂದ ಗಳಿಗೆಯಲ್ಲಿ ಆಕೆ ಅಲ್ಲಿದ್ದಳು. ನಾನು ಒಂದು ಪುಸ್ತಕದಲ್ಲಿ ಹೆಸರು ಬರೆದಿಟ್ಟುಕೊಂಡಿದ್ದೇನೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಆ ಪುಸ್ತಕ ತೆಗೆಯುತ್ತೇನೆ. ಬೆಳಗಾದ ಮೇಲೆ ಅವರಲ್ಲಿ ಒಬ್ಬರಿಗೆ ಫೋನ್. ಹೇಗಿದ್ದೀರಿ ಅಂತ ಕೇಳುವುದಿಲ್ಲ, ಅದಕ್ಕೆ ಎಲ್ಲರೂ ಚೆನ್ನಾಗಿದ್ದೀನಿ ಅಂತಲೇ ಹೇಳುತ್ತಾರೆ. "ನಿನ್ನೆ ಡಾಕ್ಟರ್ ಏನಂದ್ರು?" ಅಂತ ಕೇಳುತ್ತೇನೆ.

ಕೊಡುವುದಕ್ಕಿಂತ ಕಷ್ಟದ್ದು ತೆಗೆದುಕೊಳ್ಳುವುದು. ಶಿಷ್ಯ ಪೇತ್ರನಿಗೂ ಯೇಸುವಿನ ಕೈಲಿ ಕಾಲು ತೊಳೆಸಿಕೊಳ್ಳಲು ಮನಸ್ಸಾಗಲಿಲ್ಲ. ನೀನು ಮುದುಕನಾದಾಗ ಕೈ ಚಾಚುವಿ, ಬೇರೊಬ್ಬನು ನಿನ್ನ ನಡುವನ್ನು ಕಟ್ಟುವನು ಅಂತ ಯೇಸು ಅವನಿಗೆ ಹೇಳಿದ್ದು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿದೆ. ಅದು ಪೇತ್ರನ ಸಾವಿನ ಬಗ್ಗೆ ಹೇಳಿದ್ದು, ನಿಜ. ಆದರೆ ಬೇರೆಯವರ ಕೈಲಿ ಅಂಗಿಯ ಗುಂಡಿ ಹಾಕಿಸಿಕೊಂಡವರಿಗೆ ಆ ಮಾತು ಬೇರೆ ರೀತಿಯಲ್ಲೂ ಅರ್ಥವಾಗುತ್ತದೆ.

ನನ್ನ ಗೆಳೆಯರೊಬ್ಬರಿಗೆ ಕೈ ನಡುಗುವ ಕಾಯಿಲೆ. ಒಂದು ಭಾನುವಾರ ನೋಡಲು ಹೋದೆ. ಆ ವಚನ ಬಿಟ್ಟಿದ್ದನ್ನು ಹೇಳಿದ ಹುಡುಗನೇ ಮಂಚದ ಪಕ್ಕ ಬಗ್ಗಿ ಅವರ ಅಂಗಿಗೆ ಗುಂಡಿ ಹಾಕುತ್ತಿದ್ದ. ಪ್ರತಿ ವಾರ ಬರುತ್ತಾನಂತೆ, ನನಗೆ ಗೊತ್ತೇ ಇರಲಿಲ್ಲ. ಗೆಳೆಯರು ಗಲ್ಲ ಮೇಲೆತ್ತಿ ಅವನಿಗೆ ಜಾಗ ಕೊಡುತ್ತಾ, "ಆ ಫೇಲ್ ಆದ ಪೇಪರ್ ಮತ್ತೆ ಕಟ್ಟಿದೆಯೇನೋ?" ಅಂತ ಕೇಳುತ್ತಿದ್ದರು. ಹುಡುಗ ಎಲ್ಲ ಹೇಳಿದ. ಮನೆಯಲ್ಲಿ ಇನ್ನೂ ಹೇಳಿಲ್ಲ ಅಂತಲೂ ಹೇಳಿದ.

ಆಮೇಲೆ ನನ್ನ ಕಡೆ ತಿರುಗಿದ. "ಅಂಕಲ್, ಕನ್ನಡಕ ತುಂಬಾ ಮಂಜಾಗಿದೆ. ಕೊಡಿ, ಒರೆಸಿಕೊಡ್ತೀನಿ" ಅಂದ.

ಕೊಟ್ಟೆ.