ಮೀಟರ್ ಬೀಪ್ ಅಂದ್ರೂ ನಂಬೋಕಾಗಲ್ಲ

ಕೇಳುಗರಿಗೆ ನಮಸ್ಕಾರ. ಆಕಾಶದಲ್ಲಿ ಕಾಣಿಸ್ಕೊಂಡು ನೆಲಕ್ಕೆ ಇಳಿದ ತಕ್ಷಣ ಮಾಯ ಆಗೋ ವಿಮಾನದ ಎಲೆಕ್ಟ್ರಿಕಲ್ ಫಾಲ್ಟ್ ಬಗ್ಗೆ ಇವತ್ತು ಹೇಳ್ತೀನಿ. ಪೈಲಟ್ ಲಾಗ್‌ಬುಕ್ಕಲ್ಲಿ ಪಂಪ್ ನಿಂತೋಯ್ತು ಅಂತ ಬರೆದಿರ್ತಾರೆ, ಹ್ಯಾಂಗರಲ್ಲಿ ಸ್ವಿಚ್ ಹಾಕಿದ್ರೆ ಅದೇ ಪಂಪ್ ಚೆನ್ನಾಗಿ ಓಡುತ್ತೆ. ಪೈಲಟ್ ಬರೆದಿದ್ದು ನಿಜಾನೇ. ಮೇಲೆ ಹೊರಗಿನ ಚಳಿ ಮೈನಸ್ 50 ಡಿಗ್ರಿ ಮುಟ್ಟುತ್ತೆ, ಲೋಹ ಕುಗ್ಗುತ್ತೆ, ಜೊತೆಗೆ ಇಂಜಿನ್ ನಡುಕ, ಕನೆಕ್ಟರಲ್ಲಿ ಸಡಿಲ ಆಗಿರೋ ಪಿನ್ ಒಂದ್ ಕ್ಷಣ ಕೈಕೊಟ್ರೆ ಮುಗೀತು.

ಒಂದು ಸಣ್ಣ ವೈರನ್ನೇ ತಗೊಳ್ಳಿ. ಅದ್ರೊಳಗೆ ಸಾಮಾನ್ಯವಾಗಿ ಕೂದಲೆಳೆಯಂಥ 19 ತಂತಿ ಇರುತ್ತೆ, ವೈರನ್ನ ಹಿಡಿದಿಡೋ ಕ್ಲ್ಯಾಂಪ್ ಹತ್ರ ಉಜ್ಜಿ ಉಜ್ಜಿ 18 ತುಂಡಾಗಿ ಒಂದೇ ಉಳಿದಿದೆ ಅಂದ್ಕೊಳ್ಳಿ, ಆಗ್ಲೂ ವೈರ್ ತುಂಡಾಗಿಲ್ಲ ಅಂತ ಮಲ್ಟಿಮೀಟರ್ ಬೀಪ್ ಅನ್ನುತ್ತೆ, ಯಾಕಂದ್ರೆ ಮೀಟರ್ ಕಳ್ಸೋ ಕರೆಂಟ್ ತೀರಾ ಕಮ್ಮಿ, ಅಷ್ಟಕ್ಕೆ ಒಂದೆಳೆ ಸಾಕು. ಪಂಪ್ ಕೇಳೋ ಆಂಪಿಯರ್‌ಗಳನ್ನ ಹೊರೋಕೆ ಅದ್ರ ಕೈಲಿ ಆಗಲ್ಲ, ಅಲ್ಲೇ ಕಾದು ವೋಲ್ಟೇಜ್ ಕುಸಿಯುತ್ತೆ. ಅದಕ್ಕೇ ಲೋಡ್ ಹಾಕಿ, ಅಂದ್ರೆ ಪಂಪನ್ನ ಓಡಿಸಿ, ವಿಮಾನದ 28 ವೋಲ್ಟಲ್ಲಿ ಪಂಪ್ ಮುಟ್ಟೋ ಹೊತ್ತಿಗೆ ಎಷ್ಟು ಉಳೀತು ನೋಡ್ಬೇಕು, ನೋಡ್ತಾನೇ ವೈರ್ ಕಟ್ಟನ್ನ ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸ್ಬೇಕು. ಪಾರ್ಟ್ ಬದಲಾಯಿಸಿ ಕೈ ತೊಳ್ಕೊಳ್ಳೋದು ನನ್ನ ಪ್ರಕಾರ ರಿಪೇರಿನೇ ಅಲ್ಲ.

ಇನ್ನು ಬ್ರೇಕರ್, ಅಂದ್ರೆ ಕರೆಂಟ್ ಜಾಸ್ತಿ ಆದ್ರೆ ತಾನಾಗೇ ಹಾರಿ ಕರೆಂಟ್ ಕಟ್ ಮಾಡೋ ಸ್ವಿಚ್. ಹಳೇ ಥರದ ಬ್ರೇಕರ್ ಬಿಸಿಯಾದ್ರೆ ಮಾತ್ರ ಹಾರುತ್ತೆ. ಇನ್ಸುಲೇಷನ್ ಸವೆದ ಕಡೆ ಕಿಡಿ ಬಿಟ್ಟು ಬಿಟ್ಟು ಹೊಡೀತಿದ್ರೆ ಒಟ್ಟು ಕರೆಂಟ್ ಜಾಸ್ತಿ ಏರಲ್ಲ, ಬ್ರೇಕರ್‌ಗೆ ಗೊತ್ತೇ ಆಗಲ್ಲ, ಆದ್ರೆ ಆ ಕಿಡಿ ತಾಮ್ರಾನೇ ಕರಗಿಸುತ್ತೆ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿಂದ ಜಿನೀವಾಗೆ ಹೊರಟಿದ್ದ ಸ್ವಿಸ್‌ಏರ್ 111 ಕೆನಡಾದ ಹತ್ರ ಸಮುದ್ರಕ್ಕೆ ಬಿತ್ತು, 229 ಜನ ಹೋದ್ರು. ಕಾಕ್‌ಪಿಟ್ ಛಾವಣಿ ಮೇಲಿನ ವೈರಿಂದ ಎದ್ದ ಕಿಡಿ ಪಕ್ಕದ ಇನ್ಸುಲೇಷನ್ ಹೊದಿಕೆಗೆ ಹತ್ತಿರೋ ಸಾಧ್ಯತೆನೇ ಹೆಚ್ಚು ಅಂತ ತನಿಖೆ ಹೇಳ್ತು. ಆ ವೈರಿಗೂ ಬ್ರೇಕರ್ ಇತ್ತು.

ಹಾಗಾಗಿ ದಯವಿಟ್ಟು, ಹಾರಿದ ಬ್ರೇಕರನ್ನ ಮತ್ತೆ ಮತ್ತೆ ಒತ್ತಬೇಡಿ. ಪವರ್ ತೆಗೀರಿ, ಟಾರ್ಚ್ ಮತ್ತೆ ಕನ್ನಡಿ ಹಿಡ್ಕೊಂಡು ಆ ವೈರ್ ಹೋಗೋ ದಾರಿಯನ್ನ ಕೊನೇವರೆಗೂ ನೋಡಿ, ಕ್ಲ್ಯಾಂಪ್ ಕೆಳಗಡೆ, ಲೋಹದ ಅಂಚು ತಾಗೋ ಕಡೆ, ಡ್ರಿಲ್ ಮಾಡಿದಾಗ ಉದುರಿದ ಚೂರು ಸಿಕ್ಕಿಕೊಂಡಿರೋ ಕಡೆ.